ಬಿಳಿ ಗುಳಿಗೆಯ ಹೆಸರು

ಮೆಸಯೀದ್
೧೯ ನವೆಂಬರ್ ೧೯೯೩

ಫರ್ಝಾನಾ,

ನಿನಗೂ ನಿನ್ನ ಉಮ್ಮನಿಗೂ ಸಲಾಂ. ಇಲ್ಲಿ ಗಲ್ಫಿನಲ್ಲಿ ಎಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಅದಕ್ಕೆ ಬರೆಯುವುದಿಲ್ಲ. ನಿನ್ನ ಅಣ್ಣ ಅಮೀರ್ ಪೊಲೀಸರ ವಶದಲ್ಲಿದ್ದಾನೆ. ಕೂತುಕೊಂಡು ಪೂರ್ತಿ ಓದು. ಆಮೇಲೆ ಮಾಜಿದಾಳಿಗೆ ನೀನೇ ನಿಧಾನಕ್ಕೆ ಹೇಳು. ನನ್ನ ತಂಗಿ ಅರ್ಧ ಕೇಳಿ ಎದೆ ಬಡಿದುಕೊಳ್ಳುವವಳು.

ಆದದ್ದು ಇಷ್ಟು. ನಮ್ಮ ಕ್ಯಾಂಪಿನ ಕೋಣೆಯಲ್ಲಿ ಎಂಟು ಜನ. ಕೋಣೆಗೆ ಒಂದು ಡಬ್ಬಿ ಉಂಟು, ಹಾಲಿನ ಪುಡಿಯದ್ದು. ರಜೆ ಮುಗಿಸಿ ಊರಿನಿಂದ ಬಂದವರೆಲ್ಲ ತಾವು ತಂದ ಮಾತ್ರೆಗಳನ್ನು ಅದಕ್ಕೆ ಸುರಿಯುವುದು ನಮ್ಮ ಪದ್ಧತಿ. ಕಂಪನಿಯ ಡಾಕ್ಟರನ ಹತ್ತಿರ ಹೋದರೆ ಅರ್ಧ ದಿನ ಸಾಲಿನಲ್ಲಿ ನಿಲ್ಲಬೇಕು, ಕೊನೆಗೆ ಅವನು ಕೊಡುವುದು ಅದೇ ಜ್ವರದ ಮಾತ್ರೆ. ಡಬ್ಬಿ ಇಟ್ಟವನು ನಾನು. ಒಳಗಿರುವುದು ಎಲ್ಲರದ್ದು. ಊರಿನ ಮೆಡಿಕಲ್ಲಿನವನು ಗುಳಿಗೆಯ ಹಾಳೆಯನ್ನು ಕತ್ತರಿಯಲ್ಲಿ ಕತ್ತರಿಸಿ ನಾಲ್ಕೋ ಆರೋ ಕೊಡುತ್ತಾನಲ್ಲ, ಹೆಸರು ಅವನ ಅಂಗಡಿಯಲ್ಲೇ ಉಳಿಯುತ್ತದೆ. ಹಾಗಾಗಿ ನಾವು ಬಣ್ಣ ನೋಡಿ ನುಂಗುತ್ತೇವೆ. ಹಳದಿಯದ್ದು ಜ್ವರಕ್ಕೆ, ಗುಲಾಬಿ ಹೊಟ್ಟೆಗೆ, ಸಣ್ಣ ಬಿಳಿಯದ್ದು ಸೊಂಟನೋವಿಗೆ. ಈ ಲೆಕ್ಕ ಎಲ್ಲರಿಗೂ ಕಲಿಸಿದವನು ನಾನೇ.

ನಮ್ಮ ಕೋಣೆಯ ನಾರಾಯಣಸ್ವಾಮಿ, ಕೋಲಾರ ಕಡೆಯವನು, ಪೈಪು ಎತ್ತುವ ಕೆಲಸ. ಹೋದ ವಾರ ಬೆಳಿಗ್ಗೆ ಸೊಂಟ ಹಿಡಿದುಕೊಂಡಿದೆ ಎಂದು ಅಮೀರನ ಹತ್ತಿರ ಗುಳಿಗೆ ಕೇಳಿದ. ಅಮೀರ್ ಡಬ್ಬಿಯಿಂದ ಎರಡು ಬಿಳಿಯದ್ದು ತೆಗೆದು ಅವನ ಅಂಗೈಗೆ ಹಾಕಿದ. ಡ್ಯೂಟಿಗೆ ಹೋಗಿ ಅಟ್ಟಣಿಗೆ ಹತ್ತಿದವನು ತೂಕಡಿಸಿ ಮೇಲಿಂದ ಬಿದ್ದ. ಸೊಂಟದ ಮೂಳೆಯೂ ಬಲಗಾಲೂ ಮುರಿದಿದೆ. ಆಸ್ಪತ್ರೆಯಲ್ಲಿ ರಕ್ತ ನೋಡಿ ಇದು ಮಮ್ನೂ ಎಂದರಂತೆ. ಇಲ್ಲಿ ಇಟ್ಟುಕೊಳ್ಳಲೇಬಾರದ ಔಷಧಿ. ಯಾರು ಕೊಟ್ಟದ್ದು ಎಂದು ಕೇಳಿದರು, ಅವನು ಅಮೀರ್ ಎಂದ. ಸುಳ್ಳೇನೂ ಹೇಳಲಿಲ್ಲ.

ಅಮೀರ್ ಕೊಟ್ಟದ್ದನ್ನು ಕಂಡಿದ್ದೇನೆ, ಡಬ್ಬಿ ನನ್ನದು ಎಂದು ನಾನೂ ಹೇಳಿದೆ. ಡಬ್ಬಿ ತಪ್ಪಲ್ಲ, ಒಳಗಿರುವುದು ತಪ್ಪು, ಅದಕ್ಕಿಂತ ದೊಡ್ಡ ತಪ್ಪು ಅದನ್ನು ಕೊಟ್ಟು ಒಬ್ಬನ ಕಾಲು ಮುರಿಸಿದ್ದು ಎಂದು ದುಭಾಷಿ ಮಲಯಾಳಿ ತಿಳಿಸಿ ಹೇಳಿದ.

ನಿನ್ನನ್ನು ಲಾ ಕಾಲೇಜಿಗೆ ಕಳಿಸಬೇಡಿ ಎಂದು ಬೈದವನು ನಾನು. ಬೈದದ್ದನ್ನು ವಾಪಸು ತೆಗೆದುಕೊಂಡಿಲ್ಲ. ಆದರೆ ಇದನ್ನು ಬೇರೆ ಯಾರಲ್ಲಿ ಕೇಳಲಿ? ಗುಳಿಗೆ ಕೊಟ್ಟವನು ಯಾರು? ಕೈಯಿಂದ ಎತ್ತಿ ಹಾಕಿದವನಾ, ಊರಿನಿಂದ ತಂದು ಸುರಿದವನಾ, ಕತ್ತರಿಸಿ ಮಾರಿದವನಾ, ಬಣ್ಣ ಕಲಿಸಿದವನಾ? ನುಂಗಿದವನಿಗೆ ಏನೂ ಇಲ್ಲವಾ? ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ತಲೆಗೆ ಇದು ಹೋಗುತ್ತಿಲ್ಲ, ಸುಮ್ಮನೆ ಬಿಡಲಿಕ್ಕೂ ಆಗುತ್ತಿಲ್ಲ. ಪುಸ್ತಕ ನೋಡಿ ಬರೆ. ಉದ್ದ ಬರೆಯಬೇಡ.

ನಿನ್ನ ಮಾಮ,
ಹಸನಬ್ಬ


ಮಂಗಳೂರು
೩ ಡಿಸೆಂಬರ್ ೧೯೯೩

ಪ್ರೀತಿಯ ಮಾಮನವರಿಗೆ ಫರ್ಝಾನಾಳ ಸಲಾಂ.

ಉಮ್ಮ ಮೊದಲು ಅತ್ತರು, ಆಮೇಲೆ ನಿಮ್ಮನ್ನು ಬೈದರು. "ಕಂಡದ್ದನ್ನೆಲ್ಲ ಹೇಳಲಿಕ್ಕೆ ಅವನೇನು ರೇಡಿಯೋವಾ? ಆಗ ನಮಾಜಿನಲ್ಲಿದ್ದೆ, ನೋಡಲಿಲ್ಲ ಅಂದರೆ ಏನು ಹೋಗುತ್ತಿತ್ತು" ಎನ್ನುತ್ತಾರೆ. ಹಾಗೆ ಹೇಳಿ ಎಂದು ನಾನು ಬರೆಯುವುದಿಲ್ಲ. ಬರೆದರೂ ನೀವು ಹೇಳುವವರಲ್ಲ.

ನಾನು ಎರಡನೇ ವರ್ಷದವಳು, ಆ ದೇಶದ ಕಾನೂನು ನನಗೆ ಗೊತ್ತಿಲ್ಲ. ನಮಗೆ ಅಪರಾಧದ ಪಾಠ ಮಾಡುವ ಹೇಜಲ್ ಮೇಡಂ ಅವರನ್ನು, ಮನೆಯ ವಿಷಯ ಎನ್ನದೆ, ಕೇಳಿದೆ. ಅವರು ನಕ್ಕು, ದೊಡ್ಡ ದೊಡ್ಡ ಕೋರ್ಟುಗಳೇ ಇದರಲ್ಲಿ ಜಗಳವಾಡಿವೆ ಎಂದರು. ಕೊಟ್ಟ ಕೈ ಯಾವುದು ಎಂದು ಮಾತ್ರ ನೋಡಿದರೆ ಸಾಲದಂತೆ. ಕೊಟ್ಟವನಿಗೆ ಅದು ಏನೆಂದು ಗೊತ್ತಿತ್ತೇ? ನುಂಗಿದವನಿಗೆ ಗೊತ್ತಿತ್ತೇ? ನುಂಗಿದವನು ಎಲ್ಲ ಗೊತ್ತಿದ್ದು ತಾನೇ ಬೇಕೆಂದು ನುಂಗಿದರೆ, ಬಿದ್ದದ್ದು ಅವನ ಕೆಲಸದಿಂದ ಎಂದು ವಾದಿಸಬಹುದು. ಗೊತ್ತಿಲ್ಲದೆ ನುಂಗಿದರೆ ಕೊಟ್ಟವನ ಕೈ ಹತ್ತಿರ ಬರುತ್ತದೆ.

ಮಾಮ, ಇದನ್ನು ತಿರುಗಿಸಿ ನೋಡಿದರೆ ನಾರಾಯಣಸ್ವಾಮಿ ತಪ್ಪಿಲ್ಲದವನಾದಷ್ಟೂ ಅಣ್ಣನಿಗೆ ಕಷ್ಟ. ನನಗೆ ಇದು ಬರೆಯುವಾಗಲೇ ಹೊಳೆದದ್ದು.

ಆ ಬಿಳಿ ಗುಳಿಗೆಯನ್ನು ಡಬ್ಬಿಗೆ ಹಾಕಿದವರು ಯಾರು ಎಂದು ನೀವು ಬರೆದಿಲ್ಲ. ಕೇಳಿದ್ದೀರಾ?

ನಿಮ್ಮ,
ಫರ್ಝಾನಾ


ಮೆಸಯೀದ್
೨೪ ಡಿಸೆಂಬರ್ ೧೯೯೩

ಫರ್ಝಾನಾ,

ಕೇಳಿದ್ದೀರಾ ಎಂದು ಕೇಳುತ್ತೀಯಲ್ಲ, ನಾನು ಇಷ್ಟು ದಿನ ಇಲ್ಲಿ ಹಪ್ಪಳ ಕಾಯಿಸುತ್ತಿದ್ದೆನಾ? ಕೋಣೆಯ ಬಾಗಿಲು ಹಾಕಿ ಎಲ್ಲರನ್ನೂ ಕೂರಿಸಿ ಕೇಳಿದೆ. ಒಬ್ಬ ತಾನು ವಿಕ್ಸ್ ಬಿಟ್ಟು ಬೇರೆ ತಂದೇ ಇಲ್ಲ ಎಂದ. ಇನ್ನೊಬ್ಬ ಡಬ್ಬಿಯನ್ನೇ ನೋಡಿಲ್ಲ ಎಂದ, ಪ್ರತಿ ಶುಕ್ರವಾರ ಬಿರಿಯಾನಿ ತಿಂದು ಗುಲಾಬಿ ಗುಳಿಗೆ ಹುಡುಕುವವನು ಅವನೇ. "ಹೊಟ್ಟೆನೋವಿಗೆ ಏನನ್ನು ನುಂಗಿದ್ದು, ನನ್ನ ಮಂಡೆಯನ್ನಾ?" ಎಂದು ಕೇಳಿದೆ. ಎಲ್ಲರೂ ನಕ್ಕು ಎದ್ದು ಹೋದರು.

ಅದರ ನಡುವೆ ಠಾಣೆಯಿಂದ ಕರೆ ಬಂತು. ಅಧಿಕಾರಿ ಸಣ್ಣ ಪ್ರಾಯದವನು, ಒಳ್ಳೆಯ ಮಾತಿನವನು. ಕಾಗದದ ಮೇಲೆ ಕೆಲವು ಬಿಳಿ ಗುಳಿಗೆ ಹರಡಿ, ಸೊಂಟನೋವಿನದ್ದು ತೋರಿಸು ಎಂದ. ಇಷ್ಟು ವರ್ಷ ಹಂಚಿದವನಿಗೆ ಗೊತ್ತಿಲ್ಲದೆ ಉಂಟಾ, ಒಂದನ್ನು ಬೆರಳಿಟ್ಟು ತೋರಿಸಿದೆ. ದುಭಾಷಿ ಬಾಯಿಗೆ ಕೈ ಅಡ್ಡ ಹಿಡಿದ. ಅದು ಮಕ್ಕಳ ಹೊಟ್ಟೆಹುಳದ್ದಂತೆ. ಅಮೀರನನ್ನು ಬೇರೆಯಾಗಿ ಕರೆದು ಕೇಳಿದಾಗ ಅವನೂ ಅದನ್ನೇ ತೋರಿಸಿದ್ದನಂತೆ. "ಹುಡುಗನಿಗೆ ಗೊತ್ತಿರಲಿಲ್ಲ ಎಂದು ಸಾಹೇಬರಿಗೆ ಅನಿಸಿದೆ, ಗೊತ್ತಿಲ್ಲದ್ದನ್ನು ಕೊಟ್ಟದ್ದು ಯಾಕೆ ಎಂದೂ ಕೇಳುತ್ತಿದ್ದಾರೆ" ಎಂದ ದುಭಾಷಿ. ನನಗೆ ನಾಚಿಕೆಗಿಂತ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ವಾಪಸು ಬಂದು ಎಲ್ಲರ ಎದುರು ಇದನ್ನು ಹೇಳಿದೆ. ಎಲ್ಲರೂ ನಕ್ಕರು. ತಾರಾನಾಥ ಮಾತ್ರ ನಗಲಿಲ್ಲ. ಅವನು ಕಿನ್ನಿಗೋಳಿಯವನು, ನನ್ನ ಹಾಗೆ ಹಳಬ, ನೈಟ್ ಡ್ಯೂಟಿಯ ಎಲೆಕ್ಟ್ರಿಷಿಯನ್. ಹೊಟ್ಟೆಹುಳದ ಗುಳಿಗೆಗೆ ನಗದವನು ಯಾವುದೋ ಬೇರೆ ಯೋಚನೆಯಲ್ಲಿದ್ದಾನೆ ಎಂದುಕೊಂಡೆ. ಬಟ್ಟೆ ಒಣಗಿಸುವ ಕಡೆಗೆ ಕರೆದುಕೊಂಡು ಹೋದೆ.

"ತಾರಾನಾಥ, ನೀನಾ?"

"ಹೌದು ಹಸನಾಕ." ಇಷ್ಟು ಬೇಗ ಒಪ್ಪುತ್ತಾನೆ ಎಂದು ನಾನು ಎಣಿಸಿರಲಿಲ್ಲ. "ಊರಿಂದ ತಂದದ್ದು. ಆಮೇಲೆ ಏರ್‌ಪೋರ್ಟಲ್ಲಿ ಒಬ್ಬನನ್ನು ಗುಳಿಗೆಗೆ ಹಿಡಿದರು ಅಂತ ಯಾರೋ ಹೇಳಿದರು. ನನ್ನ ಪೆಟ್ಟಿಗೆಯಲ್ಲಿ ಇರುದು ಬೇಡ ಅಂತ ಅದಕ್ಕೆ ಹಾಕಿಬಿಟ್ಟೆ."

"ಕಸದ ಬುಟ್ಟಿಗೆ ಹಾಕಲಿಕ್ಕೆ ಏನಾಗಿತ್ತು ನಿನಗೆ?"

"ಔಷಧಿ ಮಾರಾಯ್ರೆ, ಬಿಸಾಡುದು ಹೇಗೆ? ಡಬ್ಬಿ ಯಾರದ್ದೂ ಅಲ್ಲವಲ್ಲ ಅಂತ ಎಣಿಸಿದೆ."

ಕೇಳಿದೆಯಾ? ನಾನು ಎಲ್ಲರದ್ದು ಎಂದುಕೊಂಡದ್ದನ್ನು ಅವನು ಯಾರದ್ದೂ ಅಲ್ಲ ಎಂದುಕೊಂಡಿದ್ದ. ಎಂತದ್ದಕ್ಕೆ ತಂದದ್ದು ಎಂದು ಕೇಳಿದೆ. ನೆನಪಿಲ್ಲ ಎಂದ. ಹುಡುಗ ಒಳಗೆ ಕೂತಿದ್ದಾನೆ, ನಾಳೆ ಸಂಜೆಯೊಳಗೆ ನೀನೇ ಹೋಗಿ ಹೇಳುತ್ತೀಯೋ ನಾನು ಹೇಳಲೋ ಎಂದೆ. ಅವನು ನೇತುಹಾಕಿದ್ದ ಲುಂಗಿಯ ತುದಿ ಹಿಂಡುತ್ತಾ ನಿಂತ. ಅದು ಒಣಗಿಯೇ ಇತ್ತು.

ಇನ್ನು ಅಮೀರ್ ಹೊರಗೆ ಬರುತ್ತಾನೆ. ಉಮ್ಮನಿಗೆ ಹೇಳು.

ಹಸನಬ್ಬ


ಮೆಸಯೀದ್
೭ ಜನವರಿ ೧೯೯೪

ಫರ್ಝಾನಾ,

ನಿನ್ನ ಹೇಜಲ್ ಮೇಡಂನ ಪುಸ್ತಕವನ್ನು ಒಲೆಗೆ ಹಾಕು. ತಾರಾನಾಥ ಹೋಗಿ ಹೇಳಿದ. ಅವನನ್ನೂ ಒಳಗೆ ಹಾಕಿದರು. ಅಮೀರನನ್ನು ಬಿಡಲಿಲ್ಲ. ಒಬ್ಬನನ್ನು ಬಿಡಿಸಲಿಕ್ಕೆ ಹೋಗಿ ಇನ್ನೊಬ್ಬನನ್ನು ಸೇರಿಸಿ ಬಂದ ಹಾಗಾಯಿತು. ಡಬ್ಬಿಗೆ ಹಾಕಿದ್ದೂ ಕೊಟ್ಟದ್ದೇ, ಡಬ್ಬಿಯಿಂದ ತೆಗೆದದ್ದೂ ಕೊಟ್ಟದ್ದೇ ಎನ್ನುತ್ತಾರೆ. ಒಬ್ಬನ ಬೆನ್ನಿನಿಂದ ಇಳಿಸಿ ಇನ್ನೊಬ್ಬನ ಬೆನ್ನಿಗೆ ಏರಿಸಲಿಕ್ಕೆ ಇದೇನು ಸಿಮೆಂಟ್ ಚೀಲವಾ ಎಂದು ದುಭಾಷಿ ನನ್ನನ್ನೇ ಕೇಳಿದ. ಅವನ ಪ್ರಾಯಕ್ಕೆ ನಾನು ಮದುವೆಯಾಗಿದ್ದೆ. ಆದರೂ ಸಲಾಂ ಹೇಳಿ ಬಂದೆ.

ಅಮೀರ್ ತೆಳ್ಳಗಾಗಿದ್ದಾನೆ. ಉಮ್ಮನಿಗೆ ಹೇಳಬೇಡ. ತಾರಾನಾಥ ನನ್ನ ಮುಖ ನೋಡುವುದಿಲ್ಲ.

ಕೋಣೆಯಲ್ಲಿ ಈಗ ಯಾರಿಗಾದರೂ ತಲೆನೋವು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಾರೆ.

ಹಸನಬ್ಬ


ಮಂಗಳೂರು
೨೦ ಜನವರಿ ೧೯೯೪

ಮಾಮ,

ಪುಸ್ತಕ ಲೈಬ್ರರಿಯದ್ದು, ಒಲೆಗೆ ಹಾಕಿದರೆ ನನ್ನನ್ನು ಕಾಲೇಜಿನಿಂದ ಹೊರಗೆ ಹಾಕುತ್ತಾರೆ. ಆಗ ನಿಮಗೆ ಸಂತೋಷವಾಗಬಹುದು.

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಯಾರು ಕೊಟ್ಟದ್ದು ಎಂದು ನಾವು ಇಬ್ಬರೂ ಇಷ್ಟು ದಿನ ಹುಡುಕಿದೆವು. ಕಾಲು ಮುರಿದವನನ್ನು ಯಾರಾದರೂ ಕೇಳಿದರಾ? ನಿಮ್ಮ ಮೂರು ಕಾಗದಗಳಲ್ಲಿ ಅವರು ಒಂದೇ ಸಲ ಬಾಯಿ ತೆರೆದಿದ್ದಾರೆ, ಅಮೀರ್ ಎಂದು ಹೇಳಲಿಕ್ಕೆ. ಗಲ್ಫಿನ ಕಡೆ ಪೆಟ್ಟು ತಿಂದವನ ಮಾತಿಗೆ ತೂಕ ಹೆಚ್ಚು ಎಂದು ಬಂದರಿನ ಹತ್ತಿರದ ವಕೀಲರೊಬ್ಬರು ಹೇಳಿದರು. ಅದು ನಿಜವೋ ಎಂದು ದುಭಾಷಿಯಲ್ಲಿ ಕೇಳಿ. ಸಿಟ್ಟು ಮಾಡದೆ ಕೇಳಿ.

ಉಮ್ಮ ನಾರಾಯಣಸ್ವಾಮಿಯ ಕಾಲಿಗೂ ದುವಾ ಮಾಡುತ್ತಿದ್ದಾರೆ. ಮೊದಲ ವಾರ ಮಾಡಿರಲಿಲ್ಲ.

ಫರ್ಝಾನಾ


ಮೆಸಯೀದ್
೪ ಫೆಬ್ರವರಿ ೧೯೯೪

ಫರ್ಝಾನಾ,

ಸಿಟ್ಟು ಮಾಡದೆ ಕೇಳಿದೆ. ನಿಜವಂತೆ. ಇಟ್ಟುಕೊಂಡ ತಪ್ಪು ಬೇರೆ, ಅದಕ್ಕೆ ಸ್ವಲ್ಪ ಶಿಕ್ಷೆ ಕೊಟ್ಟು ಊರಿಗೆ ಕಳಿಸಿಬಿಡುತ್ತಾರೆ. ಭಾರದ್ದು ಕಾಲು ಮುರಿದ ಕೇಸು. ನನಗೆ ಇವನ ಮೇಲೆ ದೂರಿಲ್ಲ ಎಂದು ನಾರಾಯಣಸ್ವಾಮಿ ಸಹಿ ಹಾಕಿದರೆ ಅದು ಬಹಳ ಹಗುರಾಗುತ್ತದೆ. ಇಬ್ಬರ ಹೆಸರಿನಲ್ಲಿ ಎರಡು ಕಾಗದ ತಯಾರು ಮಾಡಿಸಿಕೊಂಡು, ಇವತ್ತು ಕಂಪನಿ ಬಸ್ಸಿನಲ್ಲಿ ದೋಹಾದ ಆಸ್ಪತ್ರೆಗೆ ಹೋದೆ.

ಕಾಲನ್ನು ಮೇಲೆ ಕಟ್ಟಿ ಭಾರ ತೂಗುಹಾಕಿದ್ದಾರೆ. ನನ್ನನ್ನು ನೋಡಿದ ಕೂಡಲೇ, "ಏನ್ ಹಸನಾಕ, ಹುಡುಗನ್ನ ಬಿಡಿಸ್ಕೊಂಡ್ ಹೋಗೋಕ್ ಬಂದ್ರಾ?" ಎಂದ.

"ಹೌದು. ನಿನ್ನನ್ನು ನೋಡಲಿಕ್ಕೂ ಬಂದೆ. ಎರಡೂ ಉಂಟು."

"ಕಿತ್ತಳೆ ತಂದಿದೀರಾ?"

"ತಂದಿದ್ದೇನೆ."

"ಹಂಗಾದ್ರೆ ಕೂತ್ಕೊಳ್ಳಿ."

ಕಾಗದ ತೆಗೆದೆ. ಅವನು ಮುಟ್ಟಲಿಲ್ಲ. "ನಾನ್ ಕೇಳ್ದೆ, ಅವ್ನ್ ಕೊಟ್ಟ. ಕೊಡ್ದೇ ಇದ್ದಿದ್ರೆ ನಾನೇ ಅವನ್ನ ಜಿಪುಣ ಅಂತ ಬೈತಿದ್ದೆ. ಅದೆಲ್ಲ ಇರ್ಲಿ. ನನ್ ಹೊಟ್ಟೆಗ್ ಹೋಗಿದ್ದೇನು, ಅದ್ ಹೇಳಿ."

"ಬಿಳಿ ಗುಳಿಗೆ."

"ಬಿಳೀದು ಅಂತ ನಂಗೂ ಗೊತ್ತು. ಮುರ್ದಿರೋದ್ ಕಾಲು, ಕಣ್ಣಲ್ಲ. ಡಾಕ್ಟರ್ನ ಕೇಳಿದ್ರೆ ಮಮ್ನೂ ಅಂತಾರೆ, ಪೊಲೀಸರ್ನ ಕೇಳಿದ್ರೆ ಮಮ್ನೂ ಅಂತಾರೆ. ಮಮ್ನೂ ಅನ್ನೋದು ಔಷಧಿ ಹೆಸರಾ? ಇಲ್ಲಿ ಮಲಗಿ ಇದೊಂದೇ ಯೋಚ್ನೆ ನಂಗೆ. ಅದ್ರ ಹೆಸರು ತನ್ನಿ. ಯಾತಕ್ಕೆ ಕೊಡೋದು, ಎಷ್ಟು ಕೊಡೋದು, ಅದೂ ತನ್ನಿ. ಆಮೇಲೆ ಸೈನ್ ಮಾತು."

ಸರಿಯಾಗಿಯೇ ಕೇಳಿದ್ದಾನೆ. ಎಲ್ಲರೂ ಯಾರು ಯಾರು ಎಂದು ಓಡಾಡುತ್ತಿರುವಾಗ ಏನು ಎಂದು ಕೇಳಿದವನು ಅವನೊಬ್ಬ. ಅಲ್ಲಿಂದ ಠಾಣೆಗೆ ಹೋಗಿ ತಾರಾನಾಥನನ್ನು ಕೇಳಿದೆ. ನೆನಪಿಲ್ಲ ಎಂದೇ ಹೇಳಿದ. ಅಧಿಕಾರಿಗೂ ತಲೆನೋವಿನದ್ದು ಇರಬೇಕು ಎಂದಿದ್ದಾನಂತೆ.

ತಾರಾನಾಥನ ಹೆಂಡತಿ ಪ್ರೇಮಾವತಿ ಕಿನ್ನಿಗೋಳಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಇದ್ದಾಳೆ. ಹೋಗಿ ಹೆಸರು ತಿಳಿದುಕೊಂಡು ಬರೆ. ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆ.

ಹಸನಬ್ಬ


ಮಂಗಳೂರು
೧೬ ಫೆಬ್ರವರಿ ೧೯೯೪

ಮಾಮ,

ಉಪವಾಸ ಹೇಗೆ ಸಾಗುತ್ತಿದೆ? ಕಿನ್ನಿಗೋಳಿಗೆ ಹೋಗಿ ಬಂದೆ.

ಪ್ರೇಮಾವತಕ್ಕ ನನ್ನನ್ನು ಒಳಗೆ ಕೂರಿಸಿದರು. ಉಪವಾಸ ಎಂದರೂ ಕೇಳದೆ, ಮನೆಗೆ ಒಯ್ಯಲು ಎಂದು ಬಾಳೆಹಣ್ಣು ಕಟ್ಟಿಕೊಟ್ಟರು. ಅವರಿಗೆ ಗಂಡನಿಂದ ಕಾಗದ ಬಂದಿಲ್ಲ. "ನಿಮ್ಮಣ್ಣನೂ ಅಲ್ಲೇ ಇದ್ದಾನಲ್ಲ, ಒಬ್ಬರಿಗೊಬ್ಬರು ಜೊತೆ ಆಯಿತು ಬಿಡಿ" ಎಂದರು. ನಾನು ಗುಳಿಗೆಯ ಹೆಸರು ಕೇಳಿದೆ.

ಡಾಕ್ಟರ ಚೀಟಿ ಅವರ ಹತ್ತಿರ ಇತ್ತು. ದೊಡ್ಡದಾಗಿ ಬರೆಯುತ್ತೇನೆ: ನೈಟ್ರಾಜೆಪಾಮ್. ನಿದ್ದೆ ಬಾರದವರಿಗೆ ಕೊಡುವುದು. ಅರ್ಧ ಗುಳಿಗೆ, ಮಲಗುವ ಮೊದಲು ಮಾತ್ರ.

ನೀವು ಕೇಳಿದ್ದು ಇಷ್ಟೇ. ಉಳಿದದ್ದನ್ನು ಬರೆಯಲೋ ಬೇಡವೋ ಎಂದು ಕಾಗದವನ್ನು ಒಂದು ದಿನ ಮಡಚಿ ಇಟ್ಟೆ. ನೈಟ್ ಡ್ಯೂಟಿ ಮಾಡಿ ಮಾಡಿ ತಾರಾನಾಥಣ್ಣನಿಗೆ ಹಗಲು ನಿದ್ದೆ ಬರುತ್ತಿರಲಿಲ್ಲವಂತೆ. ಗುಳಿಗೆ ಕಟ್ಟಿಕೊಡುವಾಗ ಅಕ್ಕ ಹೇಳಿದ್ದರಂತೆ, ಅರ್ಧಕ್ಕಿಂತ ಹೆಚ್ಚು ಬೇಡ, ಇದನ್ನು ತೆಗೆದುಕೊಂಡು ಕೆಲಸಕ್ಕೆ ಹೋಗಬೇಡಿ ಎಂದು. "ಅವರು ನನಗೇ ತಮಾಷೆ ಮಾಡಿದ್ದು, ಕರೆಂಟಿನ ಕೆಲಸದವನಿಗೆ ಯಾವುದು ಮುಟ್ಟಬಾರದು ಅಂತ ನೀನು ಹೇಳಿಕೊಡ್ತೀಯಾ ಅಂತ" ಎಂದು ನಕ್ಕರು.

ನಾನು ಏಳುವಾಗ, "ಈ ಹೆಸರು ಹೇಳಿದರೆ ನಮ್ಮವರಿಗೂ ಒಳ್ಳೆಯದಾಗುತ್ತದಲ್ಲ?" ಎಂದು ಕೇಳಿದರು.

ಹೌದು ಎಂದೆ.

ಫರ್ಝಾನಾ


ಮೆಸಯೀದ್
೪ ಮಾರ್ಚ್ ೧೯೯೪

ಫರ್ಝಾನಾ,

ಇದನ್ನು ಉಮ್ಮನಿಗೆ ಓದಿ ಹೇಳುವ ಮೊದಲು ನೀನೊಬ್ಬಳೇ ಓದು.

ಬಸ್ಸಿನಲ್ಲಿ ಆ ಹೆಸರನ್ನು ಹೇಳಿಕೊಳ್ಳುತ್ತಾ ಹೋದೆ, ಪಕ್ಕದ ಪಠಾಣ ನಾನು ಯಾವುದೋ ದಿಕ್ರ್ ಹೇಳುತ್ತಿದ್ದೇನೆ ಎಂದುಕೊಂಡು ತಾನೂ ಮಣಿ ಎಣಿಸಲಿಕ್ಕೆ ಶುರು ಮಾಡಿದ. ನಾರಾಯಣಸ್ವಾಮಿಯ ಕಾಲನ್ನು ಕೆಳಗೆ ಇಳಿಸಿದ್ದಾರೆ. ಇನ್ನು ಹತ್ತುವ ಕೆಲಸ ಇಲ್ಲ ಎಂದು ಡಾಕ್ಟರ್ ಹೇಳಿಯಾಗಿದೆ. ಹೆಸರು ಹೇಳಿದೆ. ಅವನು ಇನ್ನೊಮ್ಮೆ ಹೇಳಿಸಿದ, ಆಮೇಲೆ ತಾನೇ ಹೇಳಿ ನೋಡಿದ. ನನಗಿಂತ ಚಂದ ಹೇಳಿದ.

"ಯಾತಕ್ಕಿದು?"

"ನಿದ್ದೆ ಬಾರದವರಿಗೆ. ಮಲಗುವ ಮೊದಲು. ಅರ್ಧ ಗುಳಿಗೆ."

"ಅರ್ಧ." ಮೇಲೆ ನೋಡುತ್ತಾ ಮಲಗಿದ. "ನಾನ್ ಎರಡು ನುಂಗ್ದೆ. ಬೆಳಿಗ್ಗೆ. ನುಂಗಿ ಅಟ್ಟಣಿಗೆ ಹತ್ತಿದೆ." ನನ್ನ ಕಡೆ ತಿರುಗಿ, "ನಾನೇ ಕಾಲ್ ಜಾರ್ಸ್ಕೊಂಡ್ನೇನೋ ಅಂತ ಅಂದ್ಕೊಂಡಿದ್ದೆ ಹಸನಾಕ. ಮನೆಗೂ ಹಂಗೇ ಬರ್ಸಿದ್ದೆ" ಎಂದ.

ಅಷ್ಟಕ್ಕೇ ನಿಲ್ಲಿಸುತ್ತಾನೆ ಎಂದುಕೊಂಡೆ. ನಿಲ್ಲಿಸಲಿಲ್ಲ. "ಅರ್ಧ ಅನ್ನೋದು ಅಮೀರನಿಗೆ ಗೊತ್ತಿತ್ತಾ?"

"ಇಲ್ಲ. ಅವನಿಗೂ ನನಗೂ ಅದು ಸೊಂಟದ ಗುಳಿಗೆ. ಹೊಟ್ಟೆಹುಳದ್ದನ್ನು ತೋರಿಸಿ ನಗೆಪಾಟಲಾದವರು ನಾವು."

"ತಾರಾನಾಥಣ್ಣನಿಗೆ?"

ಫರ್ಝಾನಾ, ಮಾಜಿದಾ ಹೇಳಿದ ಹಾಗೆ ನಾನು ರೇಡಿಯೋವೇ ಇರಬಹುದು, ಆದರೆ ಆ ಹೊತ್ತಿನಲ್ಲಿ ಯಾವ ಸ್ಟೇಷನ್ನೂ ಹಿಡಿಯಲಿಲ್ಲ. ಪ್ರೇಮಾವತಿಯನ್ನು ನಾನು ನೋಡಿಲ್ಲ. ಅವಳ ಹಲಸಿನ ಹಪ್ಪಳ ವರ್ಷ ವರ್ಷ ತಿಂದಿದ್ದೇನೆ. ಗೊತ್ತಿಲ್ಲ ಎನ್ನಬಹುದಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಕಾಲು ಮುರಿದುಕೊಂಡವನಿಗೆ ಅರ್ಧ ಉತ್ತರ ಕೊಟ್ಟು, ಉಳಿದರ್ಧ ಕಿಸೆಯಲ್ಲಿಟ್ಟುಕೊಂಡು ಸಹಿ ಕೇಳುವುದು ಹೇಗೆ?

"ಗೊತ್ತಿತ್ತು" ಎಂದೆ.

ಪೆನ್ನು ಕೇಳಿದ. ಅಮೀರನ ಕಾಗದಕ್ಕೆ ಸಹಿ ಹಾಕಿ ಕೊಟ್ಟ. ಇನ್ನೊಂದನ್ನು ಓದಿ, ಹಾಗೆಯೇ ನನ್ನ ಕಡೆ ತಳ್ಳಿದ.

"ಹುಡುಗ ಗೊತ್ತಿಲ್ದೆ ಕೊಟ್ಟ. ಅವನ್ ಮೇಲೆ ನಂಗ್ ಸಿಟ್ಟಿಲ್ಲ. ತಾರಾನಾಥಣ್ಣ ಆವತ್ತು ಬೆಳಿಗ್ಗೆ ಮೇಲಿನ ಮಂಚದಲ್ಲಿ ಎಚ್ಚರವಾಗೇ ಇದ್ದ. ಸೊಂಟ ಹೆಂಗಿದೆ ಅಂತ ನನ್ನ ಕೇಳ್ದ. ನಾನು ಬಾಯಿಗ್ ಹಾಕ್ಕೊಳ್ಳೋದನ್ನ ನೋಡ್ದ. ಒಂದ್ ಮಾತು ಹಸನಾಕ, ಒಂದೇ ಮಾತು."

ಮೇಲಿನ ಮಂಚದಿಂದ ಗುಳಿಗೆ ಯಾವುದು ಎಂದು ಕಾಣುವುದಿಲ್ಲ ಎಂದು ಹೇಳಲಿಕ್ಕೆ ಬಾಯಿ ತೆರೆದೆ. ಆ ಮಂಚದಲ್ಲಿ ನಾನು ಎರಡು ವರ್ಷ ಮಲಗಿದ್ದೇನೆ. ಕಾಣುತ್ತದೆ. ಸಹಿಯಾಗದ ಕಾಗದವನ್ನೂ ಮಡಚಿ ಕಿಸೆಗೆ ಹಾಕಿದೆ.

ನಾರಾಯಣಸ್ವಾಮಿಯನ್ನು ಬೈಯಬೇಡ. ಹೊರಗೆ ಬಂದು ನಾನೂ ಬೈದೆ, ಇಫ್ತಾರಿನ ಹೊತ್ತಿಗೆ ನಿಂತಿತು.

ಅಮೀರನ ವೀಸಾ ಖಲಾಸ್. ಈದ್ ಕಳೆದ ಮೇಲೆ ಊರಿಗೆ ಕಳಿಸುತ್ತಾರೆ, ಉಮ್ಮನಿಗೆ ಇಷ್ಟನ್ನು ಮಾತ್ರ ಓದಿ ಹೇಳು, ಅವಳು ಸಂತೋಷಪಡಲಿ. ತಾರಾನಾಥನ ಕೇಸು ನಡೆಯುತ್ತದೆ. ಎಷ್ಟು ವರ್ಷ ಎಂದು ದುಭಾಷಿಯೂ ಹೇಳುತ್ತಿಲ್ಲ.

ಅಮೀರ್ ಬಂದು ಇಳಿದ ಸುದ್ದಿ ಕಿನ್ನಿಗೋಳಿಗೆ ತಲುಪುವ ಮೊದಲು ನೀನು ಪ್ರೇಮಾವತಿಯ ಮನೆಗೆ ಹೋಗು. ಉಮ್ಮನನ್ನು ಕಳಿಸಬೇಡ, ಕಾಗದವನ್ನೂ ಹಾಕಬೇಡ. ಅವಳಿಗೆ ಹೌದು ಎಂದವಳು ನೀನು. ಬಾಗಿಲಲ್ಲಿ ನಿಂತು ಹೇಳಿ ಬರಬೇಡ, ಒಳಗೆ ಕೂತು ಹೇಳು. ನಾರಾಯಣಸ್ವಾಮಿ ಹೇಳಿದ್ದನ್ನು ಅವನ ಮಾತಿನಲ್ಲೇ ಹೇಳು, ಮೆತ್ತಗೆ ಮಾಡಬೇಡ. ತಾರಾನಾಥನಿಗೆ ಗೊತ್ತಿತ್ತು ಎಂದು ಅಲ್ಲಿ ಹೇಳಿದ್ದು ಯಾರು ಎಂದು ಕೇಳುತ್ತಾಳೆ. ಹಸನಬ್ಬ ಎಂದು ಹೇಳು. ಹಸನಬ್ಬನಿಗೆ ಅದನ್ನು ತಿಳಿಸಿದ್ದು ಯಾರು ಎಂದೂ ಕೇಳುತ್ತಾಳೆ.

ಅದಕ್ಕೆ ಏನು ಹೇಳಬೇಕೆಂದು ಬರೆಯಲು ಕೂತು ಬಹಳ ಹೊತ್ತಾಯಿತು. ನನಗೆ ತಿಳಿಯುವುದಿಲ್ಲ. ನೀನು ಓದಿದವಳು, ಹೋಗು.

ನಿನ್ನ ಮಾಮ,
ಹಸನಬ್ಬ